ಅಡುಗೆಮನೆ ಇಲ್ಲದ ರೂಮು

ಟಿವಿಯಲ್ಲಿ ವಿಲ್ಲಾದ ಅಡುಗೆಮನೆ ಬಂದದ್ದೇ ತಡ, ಶಿವಪ್ರಸಾದ್ ರಿಮೋಟ್ ಒತ್ತಿ ಚಿತ್ರವನ್ನು ಅಲ್ಲೇ ನಿಲ್ಲಿಸಿದರು.

"ನೋಡಿ, ಎಲ್ರೂ ನೋಡಿ! ನಾಲ್ಕು ಬರ್ನರ್ ಒಲೆ. ಮಿಕ್ಸಿ, ಫ್ರಿಜ್ಜು, ಹದಿನೈದು ಜನಕ್ಕಾಗೋಷ್ಟು ಪಾತ್ರೆ. ಎಲ್ಲಾ ಅವರದ್ದೇ. ನಾವು ದಿನಸಿ ಒಂದು ಹೊತ್ಕೊಂಡು ಹೋದ್ರೆ ಮುಗೀತು."

ಭದ್ರಾವತಿ ನ್ಯೂಟೌನಿನ ಅವರ ಮನೆಯ ಹಾಲಿನಲ್ಲಿ ಕೂತವರೆಲ್ಲ ಹೋ ಎಂದರು. ಹೋ ಎನ್ನದವಳು ತನುಜಾ ಒಬ್ಬಳೇ. ಶಿವಪ್ರಸಾದ್ ಅವಳ ಗಂಡ ವೀರೇಂದ್ರನ ಅಣ್ಣ. ಹೊಳೆಹೊನ್ನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದವರು, ವರ್ಷಕ್ಕೊಮ್ಮೆ ಇಡೀ ಬಳಗವನ್ನು ಟ್ರಿಪ್ಪಿಗೆ ಹೊರಡಿಸುವ ಅಧಿಕಾರವನ್ನೂ ಇಟ್ಟುಕೊಂಡಿದ್ದರು. ಈ ಸಲ ಮುರುಡೇಶ್ವರ. ಮೂರು ದಿನ, ಹದಿಮೂರು ಜನ. ಸಮುದ್ರಕ್ಕೆ ಮುಖ ಮಾಡಿದ ವಿಲ್ಲಾವೋ, ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜೋ ಎಂದು ತೀರ್ಮಾನಿಸಲು ಶಿವಮೊಗ್ಗದ ಗೋಪಾಳದಿಂದ ತನುಜಾ, ವೀರೇಂದ್ರ, ಅತ್ತೆ ವೀರಮ್ಮ ಭಾನುವಾರ ಬೆಳಿಗ್ಗೆಯೇ ಬಂದಿದ್ದರು. ತೀರ್ಮಾನ ಅನ್ನುವುದು ಮಾತಿಗೆ ಮಾತ್ರ. ಭಾವನ ತಲೆಯಲ್ಲಿ ಅದು ಹೋದ ವಾರವೇ ಆಗಿಹೋಗಿತ್ತು.

ವೀರೇಂದ್ರ ಆಗಲೇ ಮೊಣಕಾಲ ಮೇಲೆ ಪ್ಯಾಡ್ ಇಟ್ಟುಕೊಂಡು ಪಟ್ಟಿ ಬರೆಯುತ್ತಿದ್ದ. "ಅಕ್ಕಿ ಹತ್ತು ಕೆಜಿ, ರವೆ ನಾಲ್ಕು... ತನೂ, ರೊಟ್ಟಿ ಹಿಟ್ಟು ಎಷ್ಟು ಹಿಡೀಬಹುದು?"

ತನುಜಾಗೆ ಮೈಯೆಲ್ಲ ಉರಿಯಿತು. ಹೋದ ವರ್ಷ ಚಿಕ್ಕಮಗಳೂರಿನ ಹೋಮ್‌ಸ್ಟೇಗೆ ಹೋಗಿದ್ದರು. ಅಲ್ಲಿಯೂ ಅಡುಗೆಮನೆ ಇತ್ತು. ಎಲ್ಲರೂ ಜಲಪಾತಕ್ಕೆ ಹೋಗಿ ತೊಯ್ದು ಬರುವಷ್ಟರಲ್ಲಿ ಅವಳು ಹಾಗಲಕಾಯಿ ಹೆಚ್ಚಿ, ಅನ್ನ ಬಸಿದು, ಐವತ್ತು ರೊಟ್ಟಿ ತಟ್ಟಿದ್ದಳು. ವಾರಗಿತ್ತಿ ರಂಜಿನಿಗೆ ಮಂಡಿನೋವು. ಪಾಪ, ಅದು ಟ್ರಿಪ್ಪಿನಲ್ಲಿ ಮಾತ್ರ ಜೋರಾಗುತ್ತಿತ್ತು. ರಜೆ ಮುಗಿಸಿ ಬಂದ ಸೋಮವಾರ, ತಾನು ಕಲಿಸುವ ರವೀಂದ್ರನಗರದ ಶಾಲೆಯಲ್ಲಿ ಮಕ್ಕಳು, "ಟೀಚರ್, ಏನೇನು ನೋಡಿದ್ರಿ?" ಎಂದು ಕೇಳಿದಾಗ, ಯೋಚಿಸಿ ನೋಡಿದರೆ ಅವಳಿಗೆ ನೆನಪಾದದ್ದು ಒಂದು ಸಿಂಕು. ಅವತ್ತು ಮಕ್ಕಳಿಗೆ ಸುಳ್ಳು ಹೇಳಿದ್ದಳು. ಆ ನಾಚಿಕೆ ಇನ್ನೂ ಹೋಗಿರಲಿಲ್ಲ.

"ಭಾವ, ಲಾಡ್ಜೇ ಇರ್ಲಿ," ಎಂದಳು.

"ಯಾಕೆ ಮಾರಾಯ್ತಿ? ಇಂಥ ಅರಮನೆ ಬಿಟ್ಟು ಆ ಗೂಡಿಗಾ? ಬಿಸಿನೀರು ಬೆಳಿಗ್ಗೆ ಎರಡು ಗಂಟೆ ಹೊತ್ತು ಮಾತ್ರ ಬರುತ್ತಂತೆ ಅಲ್ಲಿ."

"ಗೊತ್ತು. ನೆಟ್ಟಲ್ಲಿ ಜನ ಬರೆದಿದ್ದನ್ನೆಲ್ಲ ನಾನೂ ಓದಿದೀನಿ. ಗೋಡೆ ತೇವ, ಲಿಫ್ಟ್ ಇಲ್ಲ, ಅಡುಗೆಮನೇನೂ ಇಲ್ಲ."

"ಅದನ್ನೇ ಅಲ್ವಾ ನಾನೂ ಹೇಳ್ತಿರೋದು?"

"ನನಗೆ ಬೇಕಾಗಿರೋದೂ ಅದೇ ಭಾವ. ಅಡುಗೆಮನೆ ಇರೋ ಜಾಗಕ್ಕೆ ನಾನು ಬರಲ್ಲ."

ಶಿವಪ್ರಸಾದ್ ನಕ್ಕು ಹಗುರ ಮಾಡಲು ನೋಡಿದರು. "ನೀನೊಬ್ಬಳೇ ಮಾಡು ಅಂದೋರು ಯಾರು? ಎಲ್ರೂ ಸೇರಿ ಮಾಡೋಣ. ಅದರಲ್ಲೇ ಮಜಾ ಇರೋದು."

ತನುಜಾ ಗಂಡನ ಕೈಯಿಂದ ಪ್ಯಾಡು, ಪೆನ್ನು ಎರಡನ್ನೂ ತೆಗೆದುಕೊಂಡು ಹೊಸ ಹಾಳೆ ತಿರುಗಿಸಿದಳು. ಶಾಲೆಯಲ್ಲಿ ಹಾಜರಿ ಕೂಗುವ ದನಿ ತಾನಾಗಿಯೇ ಬಂತು. "ಸರಿ. ಮೊದಲನೇ ದಿನ ಬೆಳಿಗ್ಗೆ ತಿಂಡಿ. ಭಾವ?"

"ನಂಗೆಲ್ಲಿ ಬರುತ್ತೆ..."

"ಮಧ್ಯಾಹ್ನದ ಅಡುಗೆ. ರೀ, ನೀವು?"

ವೀರೇಂದ್ರ ಕೈಯಲ್ಲಿ ಉಳಿದಿದ್ದ ಪೆನ್ನಿನ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಊಟ ಆದ್ಮೇಲೆ ಪಾತ್ರೆ?"

ರಂಜಿನಿಯ ಕೈ ಮೆಲ್ಲಗೆ ಮಂಡಿಯ ಮೇಲೆ ಹೋಯಿತು. ತನುಜಾ ಖಾಲಿ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

ಶಿವಪ್ರಸಾದ್ ಮುಖದ ನಗು ಮಾಯವಾಯಿತು. "ಹೋಗ್ಲಿ, ನಮ್ಮ ವಿಷಯ ಬಿಡು. ಅಮ್ಮ ಹೊರಗಡೆ ತಿನ್ನಲ್ಲ. ಅದಕ್ಕೇನು ಹೇಳ್ತೀಯ?"

ಎಲ್ಲರ ಕಣ್ಣು ವೀರಮ್ಮನ ಕಡೆ ತಿರುಗಿತು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಹೆಂಗಸು. ಹೋಟೆಲಿನ ಅನ್ನ ಮುಟ್ಟಿದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ.

"ಹೌದು, ನಾನು ತಿನ್ನಲ್ಲ," ಎಂದರು ವೀರಮ್ಮ.

ತನುಜಾ ಹಾಳೆಯನ್ನು ಕೆಳಗಿಳಿಸಿದಳು. ಹದಿನೇಳು ವರ್ಷ ಒಂದೇ ಒಲೆಯ ಮುಂದೆ ಈ ಅತ್ತೆಯ ಜೊತೆ ನಿಂತಿದ್ದಾಳೆ, ಒಮ್ಮೆಯೂ ಎದುರಾಡಿದವಳಲ್ಲ. ಈಗ ಹಿಂದೆ ಸರಿದರೆ ಮುರುಡೇಶ್ವರದಲ್ಲೂ ಅವಳಿಗೆ ಸಿಗುವುದು ಸಿಂಕೇ. ಅವಳು ಹೇಳಿದಳು: "ಬೇಡ ಅತ್ತೆ, ತಿನ್ಬೇಡಿ. ಅವಲಕ್ಕಿ, ಮೊಸರು, ಹಣ್ಣು ಇಟ್ಕೊಳ್ಳೋಣ. ಅವಲಕ್ಕಿ ನೆನೆಸಿ ಕೊಡ್ತೀನಿ. ಅದಕ್ಕಿಂತ ಹೆಚ್ಚು ನಾನು ಮಾಡಲ್ಲ."

"ನೀನ್ಯಾಕೆ ನೆನೆಸಿ ಕೊಡ್ಬೇಕು? ನನಗೇನು ಕೈ ಇಲ್ವಾ?"

ಅದು ಸಿಟ್ಟೋ ಇನ್ನೇನೋ ಯಾರಿಗೂ ಗೊತ್ತಾಗಲಿಲ್ಲ. ವೀರಮ್ಮ ಸೆರಗು ಸರಿಮಾಡಿಕೊಂಡರು. ಶಿವಪ್ರಸಾದ್ ಅದನ್ನು ಸಿಟ್ಟೆಂದೇ ತಿಳಿದು ಟಿವಿ ಆರಿಸಿದರು.

"ಹಾಗಾದ್ರೆ ಟ್ರಿಪ್ಪೇ ಬೇಡ. ಹದಿಮೂರು ಜನರ ಖುಷಿ ಹಾಳು ಮಾಡಿದ್ದು ಯಾರು ಅಂತ ಎಲ್ರಿಗೂ ಗೊತ್ತಾಗ್ಲಿ."

"ತನೂ, ಸುಮ್ನಿರೇ," ಎಂದು ವೀರೇಂದ್ರ ಪಿಸುಗುಟ್ಟಿದ.

"ಹದಿನೇಳು ವರ್ಷ ಸುಮ್ನೇ ಇದ್ನಲ್ರೀ," ಎಂದಳು ತನುಜಾ, ಪಿಸುಗುಟ್ಟದೆ. "ಯಾರೂ ಬರ್ದೇ ಇದ್ರೂ ನಾನು ಹೋಗ್ತೀನಿ. ಟ್ರಿಪ್ಪು ಹಾಳಾಗಲ್ಲ ಬಿಡಿ ಭಾವ."

ಫೋನು ತೆಗೆದು ಅಲ್ಲೇ, ಎಲ್ಲರ ಎದುರಿಗೇ, ಲಾಡ್ಜಿನ ನಂಬರು ಒತ್ತಿದಳು. ಸ್ಪೀಕರ್ ಹಾಕಿದಳು, ಕೇಳುವವರು ಕೇಳಲಿ ಎಂದು. ಆ ಕಡೆಯಿಂದ ಗಂಡಸಿನ ದನಿ ಬಂತು. ಇಪ್ಪತ್ತಮೂರನೇ ತಾರೀಖಿನಿಂದ ಮೂರು ದಿನಕ್ಕೆ ರೂಮು ಬೇಕು ಎಂದಳು.

"ಇದೆ ಮೇಡಂ. ಮೊದ್ಲೇ ಹೇಳಿಬಿಡ್ತೀನಿ, ಸಮುದ್ರ ಕಾಣಲ್ಲ. ಕಿಟಕಿ ತೆಗೆದ್ರೆ ಬಸ್‌ಸ್ಟ್ಯಾಂಡು."

"ಪರವಾಗಿಲ್ಲ. ಸಮುದ್ರಕ್ಕೆ ನಾನೇ ನಡ್ಕೊಂಡು ಹೋಗ್ತೀನಿ."

"ಸರಿ ಮೇಡಂ. ಎಷ್ಟು ಜನ?"

ತನುಜಾ ತಲೆ ಎತ್ತಿದಳು. ಭಾವ ಕಪ್ಪಾದ ಟಿವಿಯನ್ನೇ ನೋಡುತ್ತಿದ್ದರು. ವೀರೇಂದ್ರ ತಲೆ ತಗ್ಗಿಸಿದ್ದ. ಒಬ್ಬರೇ ಎನ್ನಲು ಅವಳು ಬಾಯಿ ತೆರೆದಳು.

ಸೋಫಾದ ತುದಿಯಲ್ಲಿ ವೀರಮ್ಮ, ಯಾರ ಮುಖವನ್ನೂ ನೋಡದೆ, ತೊಡೆಯ ಮೇಲಿಂದ ಕೈ ಎತ್ತಿ ಎರಡು ಬೆರಳು ತೋರಿಸಿದರು.