ಹಿಟ್ಟಿನ ಪೆಟ್ಟಿಗೆಯಲ್ಲಿ ಬೂಟು

"ಆಣೆ ಇಡಲ್ಲ ಅಂದಿದ್ದಕ್ಕೇ ನಿನ್ನ ಜೈಲಿಗೆ ಹಾಕಿದ್ದು. ಈಗ ಆಣೆ ಇಡದೇ ಕೊಟ್ಟ ಮಾತಿಗೋಸ್ಕರ ನೀನಾಗೇ ವಾಪಸ್ ಹೋಗ್ತೀಯಾ? ತಲೆ ಕೆಟ್ಟಿದೆಯೇನೋ?" ಡಾರ್ಕಸ್ ಸೌಟನ್ನು ಗಂಜಿಯ ಪಾತ್ರೆಗೆ ಕುಕ್ಕಿದಳು.

ಅವಳ ತಮ್ಮ ಕತ್‌ಬರ್ಟ್ ಕ್ವೇಕರರ ಬೋಧಕ; ಯಾರ ಮುಂದೆಯೂ ಟೋಪಿ ತೆಗೆಯದ, ಆಣೆ ಇಡದ ಕ್ರೈಸ್ತ ಪಂಗಡ ಅದು. ಇಂಗ್ಲೆಂಡಿನ ಗುಡ್ಡಗಾಡು ವೆಸ್ಟ್‌ಮೋರ್ಲೆಂಡಿನ ಕುರುಬರೆಲ್ಲ ಅವನ ಮಾತಿಗೆ ಗುಡ್ಡ ಹತ್ತಿ ಬರುತ್ತಿದ್ದರು. ನ್ಯಾಯಾಧೀಶನ ಮುಂದೆ ಅವನು ಟೋಪಿ ತೆಗೆಯಲಿಲ್ಲ, ಬೈಬಲ್ ಮುಟ್ಟಿ ಪ್ರಮಾಣವನ್ನೂ ಮಾಡಲಿಲ್ಲ. ನಿಜ ಹೇಳುವವನಿಗೆ ಹೌದು ಎಂದರೆ ಸಾಕು ಎಂದ. ಸೆರೆಯಲ್ಲಿ ಎರಡು ಚಳಿಗಾಲ ಕಳೆದು ಕೆಮ್ಮು ಹಿಡಿಸಿಕೊಂಡ. ಓಟ್ಸ್ ಕೊಯ್ಲು ಮುಗಿಸಿ ಬರುತ್ತೇನೆ ಎಂದಾಗ ಜೈಲರ್ ಆ ಮಾತನ್ನೇ ನಂಬಿ ಕಾವಲಿಲ್ಲದೆ ಕಳಿಸಿದ್ದ. ಕೊಯ್ಲು ನಿನ್ನೆ ಮುಗಿದಿತ್ತು.

"ಇನ್ನೊಂದು ಚಳಿಗಾಲ ನೀನು ತಡೆಯಲ್ಲ ಕಣೋ. ಆ ಜೈಲರ್ ಏನು ಹುಡುಕ್ಕೊಂಡು ಬರ್ತಾನಾ?"

"ಬರಲ್ಲ ಅಕ್ಕಾ. ಅದಕ್ಕೇ ಹೋಗ್ಬೇಕು. ನನ್ನ ಬೂಟು ಎಲ್ಲಿ?"

"ನಂಗೇನು ಗೊತ್ತು? ನಾನು ನಿಮ್ಮ ಪಂಗಡದೋಳಲ್ಲ. ಸುಳ್ಳು ಹೇಳಬಹುದು."

ಕತ್‌ಬರ್ಟ್ ನಕ್ಕ. ಆಮೇಲೆ ಬರಿಗಾಲಲ್ಲೇ ಹೊರಟುಬಿಟ್ಟ.

ಅವನು ಬೇಲಿ ದಾಟುವಷ್ಟರಲ್ಲಿ ಡಾರ್ಕಸ್ ಬೈಯುತ್ತಲೇ ಓಡಿಬಂದಳು. ಬೆಳಿಗ್ಗೆ ಹಿಟ್ಟಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಬೂಟುಗಳು ಅವಳ ಕೈಯಲ್ಲಿದ್ದವು. ಕೆಸರಲ್ಲೇ ಕೂತು, ಅವನ ಕಾಲನ್ನು ಲಂಗದಲ್ಲಿ ಒರೆಸಿ, ಬೂಟು ತೊಡಿಸಿ ದಾರ ಬಿಗಿದಳು.

"ಕಾಲು ಬೆಚ್ಚಗಿಟ್ಕೋ, ಕತ್ತೆ."

"ಹೂಂ ಅಕ್ಕಾ."

ಅವನ ಹೂಂ ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಮತ್ತೆ ಕೇಳಲಿಲ್ಲ.

ಅವನು ಗುಡ್ಡ ಇಳಿದು ಹೋದ. ಅಂದಿನಿಂದ ಆ ಜೈಲರ್ ಯಾವ ಕ್ವೇಕರನನ್ನು ಊರಿಗೆ ಕಳಿಸಿದರೂ ಕಾವಲು ಹಾಕಲಿಲ್ಲ. ಕತ್‌ಬರ್ಟ್ ಮಾತ್ರ ಮತ್ತೆ ಮನೆಗೆ ಬರಲಿಲ್ಲ.