ಮಂಜುದೋಣಿಯ ನಾಲ್ಕನೇ ದನಿ

ನನ್ನ ಕಾಫಿ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಊರೆಲ್ಲ ಹೊಗಳುವ ವಿಡಿಯೋ ಗೇಮಿನ ಸಂಗೀತ ಇಲ್ಲಿ ಹಾಕುವುದಿಲ್ಲ. ರಾಜಕುಮಾರಿಯನ್ನು ಬಿಡಿಸಿಕೊಂಡು ಬರುವ ಆಟಗಳು, ಲೋಕವನ್ನು ಉಳಿಸುವ ಆಟಗಳು, ದೊಡ್ಡ ದೊಡ್ಡ ವಾದ್ಯವೃಂದದವರು ಕೋಟು ಹಾಕಿಕೊಂಡು ನುಡಿಸುವ ರಾಗಗಳು ಬೇಕೆಂದರೆ ಬೇರೆ ಕಡೆ ಹೋಗಬಹುದು. ನನ್ನಲ್ಲಿ ಮೀನು ಹಿಡಿಯುವ ಆಟದಲ್ಲಿ ಗಾಳ ಹಾಕಿ ಕಾಯುವಾಗಿನ ರಾಗ ಸಿಗುತ್ತದೆ. ಕುದುರೆ ಜೂಜಿನ ಆಟದಲ್ಲಿ ಸೋತವರಿಗೆಂದೇ ಮಾಡಿದ ಚುಟುಕು ರಾಗವೊಂದಿದೆ, ಅದನ್ನು ಕೇಳಲು ಬೇಕೆಂದೇ ಸೋಲಬೇಕು ಅನ್ನಿಸುತ್ತದೆ. ಯಾರೂ ಕೊಳ್ಳದೆ ಅಂಗಡಿಯಲ್ಲೇ ಧೂಳು ತಿಂದ ಆಟಗಳಲ್ಲಿ ಯಾರೋ ಪುಣ್ಯಾತ್ಮರು ಜೀವ ತೇಯ್ದು ರಾಗ ಕಟ್ಟಿದ್ದಾರೆ. ಅದನ್ನು ಕೇಳದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇವುಗಳಲ್ಲೆಲ್ಲ ಕಿರೀಟವೆಂದರೆ ‘ಮಂಜುದೋಣಿ’ ಎಂಬ ಆಟದ ಮೂರನೇ ಹಂತದ ನದಿ ರಾಗ. ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ಆಗಸ್ಟಿನ ಬೇಸಿಗೆ ರಜೆಯಲ್ಲಿ ಅದನ್ನು ನಾನೇ ಕ್ಯಾಸೆಟ್ಟಿಗೆ ಇಳಿಸಿಕೊಂಡೆ. ಆಗೆಲ್ಲ ಹಾಗೇ. ಟಿವಿಯ ಮುಂದೆ ಟೇಪ್ ರೆಕಾರ್ಡರ್ ಹಿಡಿದು ಉಸಿರು ಬಿಗಿಹಿಡಿದು ಕೂರಬೇಕು. ತಮ್ಮ ಶೋಗೊ ಆಡುತ್ತಿದ್ದ, ಕೆಮ್ಮಿದರೆ ಕಿವಿ ಹಿಂಡುತ್ತೇನೆಂದು ಅವನಿಗೆ ಹೇಳಿಟ್ಟಿದ್ದೆ. ದೋಣಿ ನದಿಯ ತಿರುವಿಗೆ ಬಂದಾಗ, ಟುಕುಟುಕು ಎನ್ನುವ ರಾಗದ ಮೇಲೆ ಇನ್ನೊಂದು ರಾಗ ನಿಧಾನವಾಗಿ ಎದ್ದು ಬರುತ್ತದೆ. ನಡುವೆ ಒಂದು ಕಡೆ ಎರಡೂ ಒಂದಕ್ಕೊಂದು ತಾಗಿ ಎದೆ ಹಿಂಡಿದಂತಾಗುತ್ತದೆ. ಕೊನೆಗೆ ದೂರದಲ್ಲಿ ಎರಡು ದೀರ್ಘ ಸ್ವರ, ಒಂದು ತಗ್ಗಿನದು, ಒಂದು ಎತ್ತರದ್ದು, ಅಷ್ಟೇ. ಆ ತಾಗುವ ಜಾಗದಲ್ಲಿ ನಾನು ಇವತ್ತಿಗೂ ಅಳುತ್ತೇನೆ.

ತಲೆ ಕೆಡಿಸುವ ಸಂಗತಿ ಏನೆಂದರೆ, ಆ ರಾಗ ಮತ್ತೆ ಯಾವತ್ತೂ ಬರಲಿಲ್ಲ. ಅದೇ ಆಟ, ಅದೇ ಟಿವಿ, ಅದೇ ನದಿ, ಕೆಳಗಿನ ಟುಕುಟುಕು ಮಾತ್ರ ಇದೆ, ಮೇಲಿನದಿಲ್ಲ. ಅದು ಗುಟ್ಟಿನ ರಾಗ ಎಂದು ನಾವು ತೀರ್ಮಾನಿಸಿದೆವು. ಒಂದೂ ಪೆಟ್ಟು ತಿನ್ನದೆ ಆಡಿದರೆ ಬರುತ್ತದೆ ಎಂದು ಒಬ್ಬರು, ಎಡದಂಡೆ ಹಿಡಿದೇ ಹೋಗಬೇಕು ಎಂದು ಇನ್ನೊಬ್ಬರು. ನನ್ನ ಅಂಗಡಿಗೆ ಬರುವ ಗೇಮ್ ಸಂಗೀತದ ಹುಚ್ಚರೆಲ್ಲ ವರ್ಷಗಟ್ಟಲೆ ಆಡಿ ಬೆರಳು ನೋಯಿಸಿಕೊಂಡಿದ್ದಾರೆ. ಅವರಲ್ಲಿ ಮೊದಲಿಗ ತೋಫು ಮಾಡಿ ಮಾರುವ ಮಮಿಯಾ. ಬಾಯಿ ಹರಿತ, ಮನಸ್ಸು ಅವನ ತೋಫುವಿನಷ್ಟೇ ಮೆದು.

ಮಾಡಿದವರನ್ನೇ ಕೇಳೋಣವೆಂದರೆ ಅವರು ಯಾರೋ ಗೊತ್ತಿರಲಿಲ್ಲ. ಆ ಕಾಲದ ಕಂಪನಿಗಳು ತಮ್ಮ ಸಂಗೀತಗಾರರನ್ನು ಬೇರೆಯವರು ಎಳೆದುಕೊಂಡು ಹೋದಾರೆಂದು ಆಟದ ಕೊನೆಯಲ್ಲಿ ನಿಜವಾದ ಹೆಸರು ಹಾಕುತ್ತಿರಲಿಲ್ಲ. ‘ಮಂಜುದೋಣಿ’ಯ ಕೊನೆಯಲ್ಲಿ ‘ಸಂಗೀತ: ಒಣಸೀಗಡಿ’ ಎಂದಷ್ಟೇ ಇತ್ತು. ಹೋದ ವಸಂತದಲ್ಲಿ ಮಿಹೋ ಎಂಬ ಹೆಂಗಸು ನನ್ನಲ್ಲಿ ಅನ್ನ-ಕರಿ ತಿನ್ನುತ್ತಾ, ಗೋಡೆಯ ಮೇಲಿನ ಆಟದ ಡಬ್ಬಿ ನೋಡಿ, “ಅಯ್ಯೋ, ಇದು ನಮ್ಮಪ್ಪ ಮಾಡಿದ್ದು” ಅಂದಳು. ನನ್ನ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. ಒಣಸೀಗಡಿ ಮೇಷ್ಟ್ರು, ಅಂದರೆ ಎಬಿಸಾವಾ ಅವರು (‘ಎಬಿ’ ಎಂದರೆ ಸೀಗಡಿಯೇ), ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಲ್ಲೇ ಇದ್ದರು.

ಕೊನೆಗೊಂದು ಭಾನುವಾರ ಮಧ್ಯಾಹ್ನ ಅವರು ಬರಲು ಒಪ್ಪಿದರು. ಮಮಿಯಾ ಅಂಗಿಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದ, ಅಂಥದ್ದನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ. ಮೇಷ್ಟ್ರು ತೆಳ್ಳಗೆ, ಶುಭ್ರವಾಗಿ, ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮಿಹೋ ನನಗೆ ಸಹಾಯ ಮಾಡುವ ನೆಪದಲ್ಲಿ ಅಡುಗೆಮನೆಗೆ ಬಂದಳು.

“ಸಂಜೆ ಊರ ಮೈಕಲ್ಲಿ ಐದರ ಹಾಡು ಬರೋ ಹೊತ್ತಿಗೆ ಹೊರಡ್ಬೇಕು, ಬಸ್ಸಿದೆ” ಅಂದಳು. ಆಮೇಲೆ ದನಿ ತಗ್ಗಿಸಿದಳು. “ಅಕ್ಕಾ, ನಿಮ್ಮ ಹತ್ರ ಒಂದು ಮಾತು. ಅಪ್ಪಂಗೆ ಮರೆವು ಶುರುವಾಗಿದೆ ಅಂತ ನಂಗೆ ಭಯ. ಮನೇಲಿರೋದು ಮೂರೇ ಜನ, ಅಪ್ಪ, ನಾನು, ನನ್ನ ಗಂಡ. ಅಪ್ಪ ದಿನಾ ನಾಲ್ಕು ಕಪ್ ಚಹಾ ಇಡ್ತಾರೆ. ಅಮ್ಮ ಹೋಗಿ ಎಷ್ಟು ಕಾಲ ಆಯ್ತು.”

“ಕೇಳಿದ್ಯಾ?”

“ಹೆಂಗೆ ಕೇಳ್ಲಿ? ಅಮ್ಮ ಇಲ್ಲ ಅಂತ ನಾನು ಹೇಳ್ಬೇಕಾ? ಸುಮ್ನೆ ತೆಗೆದಿಡ್ತೀನಿ. ವೃದ್ಧರ ಮನೇಲಿ ಒಂದು ಜಾಗ ಖಾಲಿಯಾಗಿದೆಯಂತೆ, ನಾಳೆ ಉತ್ತರ ಹೇಳ್ಬೇಕು. ಇವತ್ತು ಅವರ ರಾಗ ಅವರೇ ಗುರುತು ಹಿಡಿದ್ರೆ ಮನೇಲೇ ಇಟ್ಕೋತೀನಿ ಅಂತ ಮನಸ್ಸಲ್ಲೇ ಅಂದ್ಕೊಂಡಿದ್ದೀನಿ.”

ನನಗೆ ಧೈರ್ಯ ಬಂತು. ಆ ರಾಗ ಕೇಳಿದವರು ಯಾರು ತಾನೇ ಮರೆತಾರು? ಮಾಡಿದವರಂತೂ ಸತ್ತರೂ ಮರೆಯಲಾರರು. “ಬಾ, ಈಗಲೇ ನೋಡು” ಎಂದು ಅವಳ ಬೆನ್ನು ತಟ್ಟಿ ಕ್ಯಾಸೆಟ್ ಹಾಕಿದೆ.

ರಾಗ ಬಂತು. ಟುಕುಟುಕು ಕೇಳಿದ ಕೂಡಲೇ ಮೇಷ್ಟ್ರ ಬೆರಳು ಟೋಪಿಯ ಮೇಲೆ ತಾಳ ಹಾಕತೊಡಗಿತು. ನಾನು ಮಿಹೋಳಿಗೆ ಕಣ್ಣು ಮಿಟುಕಿಸಿದೆ. ಮೇಲಿನ ರಾಗ ಎದ್ದಿತು. ಬೆರಳು ನಿಂತುಬಿಟ್ಟಿತು. ತಾಗುವ ಜಾಗ ಬಂದಾಗ ನನಗೆ ಅಳು ಬಂತು, ಅವರಿಗೆ ಹುಬ್ಬು ಗಂಟಾಯಿತು. ಕೊನೆಯ ಎರಡು ಸ್ವರಗಳಿಗೆ ಮಮಿಯಾ ಎಂದಿನಂತೆ ಕಣ್ಣು ಮುಚ್ಚಿ ತಲೆದೂಗಿದ.

“ಚೆನ್ನಾಗಿದೆ” ಅಂದರು ಮೇಷ್ಟ್ರು. “ಯಾರು ಮಾಡಿದ್ದು?”

ಮಿಹೋ ನೆಲ ನೋಡಿದಳು.

“ಮೇಷ್ಟ್ರೇ, ತಮಾಷೆ ಮಾಡ್ತೀರಾ? ನೀವೇ ಅಲ್ವಾ ಮಾಡಿದ್ದು!” ಅಂದ ಮಮಿಯಾ.

“ಕೆಳಗಿರೋದು ನಂದು. ಆದ್ರೆ ಇಲ್ಲಿ ನಾಲ್ಕು ದನಿ ಇದೆ. ನನ್ನ ಹತ್ರ ಇದ್ದಿದ್ದು ಮೂರೇ. ಒಂದು ಹೆಚ್ಚಾಗಿದೆ.”

ಒಂದು ಹೆಚ್ಚಾಗಿದೆ. ಆ ಮಾತು ಕೇಳಿ ಮಿಹೋಳ ಮುಖ ಬಿಳಿಚಿಕೊಂಡಿತು, ನಾಲ್ಕನೇ ಕಪ್ ಚಹಾ ಅವಳ ಕಣ್ಣ ಮುಂದೆ ಬಂದಿರಬೇಕು. ನನಗಂತೂ ತಲೆಬುಡ ತಿಳಿಯಲಿಲ್ಲ. ರಾಗ ಇವರದಲ್ಲವಾದರೆ ಯಾರದು? ಇವರದೇ ಆಗಿದ್ದರೆ ಇವರೇಕೆ ಅಲ್ಲವೆನ್ನುತ್ತಾರೆ? ಇಷ್ಟು ಕಾಲ ನಾನು ಯಾರ ರಾಗಕ್ಕೆ ಅಳುತ್ತಿದ್ದೆ? ಗಾಬರಿಯಲ್ಲಿ ನಾನು ಮಾಡಬಾರದ್ದನ್ನು ಮಾಡಿದೆ, ಒತ್ತಾಯಕ್ಕೆ ಬಿದ್ದೆ.

“ಇನ್ನೊಂದ್ಸಲ ನೆನಪು ಮಾಡ್ಕೊಳ್ಳಿ ಮೇಷ್ಟ್ರೇ. ಗುಟ್ಟಿನ ರಾಗ ಇಟ್ಟಿದ್ರಲ್ಲ, ಒಂದೇ ಸಲ ಬರೋ ಹಾಗೆ?”

“ಗುಟ್ಟಾ? ಅಷ್ಟು ಜಾಗ ಎಲ್ಲಿತ್ತಮ್ಮ ಅದ್ರಲ್ಲಿ?”

“ಇತ್ತು ಮೇಷ್ಟ್ರೇ, ನಾವೆಲ್ಲ ಕೇಳಿದ್ದೀವಿ, ಇದೇ ಟೇಪಲ್ಲಿದೆ” ಅಂದ ಮಮಿಯಾ, ಬೇಡಿಕೊಳ್ಳುವವನಂತೆ.

ಮೇಷ್ಟ್ರು ನನ್ನ ಒದ್ದೆ ಕಣ್ಣು ನೋಡಿದರು, ಮಮಿಯಾನ ಇಸ್ತ್ರಿಯ ಅಂಗಿ ನೋಡಿದರು, ಅವರಿಗೆಂದೇ ಮಾಡಿದ್ದ ಕೇಕು ನೋಡಿದರು. ನಮ್ಮ ಜನಕ್ಕೆ ಒಂದು ರೋಗವಿದೆ. ಕರೆದವರ ಮುಖ ಸಣ್ಣದಾಗುವುದಕ್ಕಿಂತ ತಾನೇ ಸಣ್ಣವನಾಗುವುದು ಲೇಸು ಅನ್ನಿಸುತ್ತದೆ. ಅವರು ಎದ್ದು ನಿಂತು ಸೊಂಟ ಬಗ್ಗಿಸಿ ನಮಸ್ಕರಿಸಿದರು.

“ನೀವೆಲ್ಲ ಹೇಳ್ತೀರಿ ಅಂದ್ಮೇಲೆ ನಂದೇ ಇರ್ಬೇಕು. ನಾನೇ ಮರೆತಿದ್ದೀನಿ. ಕ್ಷಮಿಸ್ಬೇಕು.”

ಮಿಹೋ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ನಾಳೆ ಅವಳು ಕೊಡುವ ಉತ್ತರ ನಿಂತಲ್ಲೇ ನನಗೆ ತಿಳಿದುಹೋಯಿತು. ನನ್ನ ಕ್ಯಾಸೆಟ್ಟೇ ಒಬ್ಬ ಮನುಷ್ಯನನ್ನು ಮನೆಯಿಂದ ಹೊರಗೆ ಹಾಕುತ್ತಿದೆಯಲ್ಲ! ಏನು ಮಾಡಬೇಕೆಂದು ತೋಚದೆ ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಕೈ ಸುಮ್ಮನಿರಲಿಲ್ಲ, ಅಷ್ಟೇ.

ಟುಕುಟುಕು ಶುರುವಾಯಿತು, ಮೇಲಿನ ರಾಗವೂ ಎದ್ದಿತು. ಅದೇ ಹೊತ್ತಿಗೆ ಹೊರಗೆ ಕಂಬದ ಮೈಕುಗಳಲ್ಲಿ ಐದರ ಹಾಡು ಹೊರಟಿತು. ಮಕ್ಕಳು ಮನೆಗೆ ಹೋಗಲಿ ಎಂದು ದಿನಾ ಹಾಕುವುದು. ನಮ್ಮೂರು ಪಕ್ಕದ ನಗರಕ್ಕೆ ಸೇರಿಹೋದ ಮೇಲೆ ಇದೂ ನಗರದ್ದೇ ಹಾಡು. ಕಿಟಕಿ ತೆರೆದಿತ್ತು. ಎರಡೂ ಕಲಸಿಕೊಂಡು ಅಂಗಡಿಯೊಳಗೆ ರಂಪವೆದ್ದಿತು. ಕಿಟಕಿ ಮುಚ್ಚಲು ಎದ್ದೆ.

“ಮುಚ್ಬೇಡಮ್ಮ!” ಮೇಷ್ಟ್ರು ಬೆರಳೆತ್ತಿದರು. ಅವರ ದನಿಯೇ ಬೇರೆಯಾಗಿತ್ತು. “ಈಗ ಐದು ದನಿ. ಐದನೇದು ಅಲ್ಲಿಂದ, ಕಿಟಕಿಯಿಂದ. ಸರೀನಾ?”

“ಹೌದು...”

“ನಾಲ್ಕನೇದೂ ಹಾಗೇನೇ. ಕೇಳಿ. ನನ್ನ ಮೂರೂ ಟಿವಿ ಒಳಗಿದೆ, ಹತ್ತಿರದಲ್ಲಿದೆ. ಆ ಯಂತ್ರಕ್ಕೆ ರಾಗ ಹಾಡೋಕೆ ಮೂರೇ ದನಿ ಇದ್ದಿದ್ದು, ನಾನೇನು ತಲೆಕೆಳಗಾಗಿ ನಿಂತ್ರೂ ನಾಲ್ಕಾಗ್ತಿರ್ಲಿಲ್ಲ. ಇದು ಹೊರಗಿದೆ. ಗುಡ್ಡಕ್ಕೆ ಬಡಿದು ವಾಪಸ್ ಬರ್ತಿದೆ, ಅದಕ್ಕೇ ಎಳೆದ ಹಾಗೆ ಕೇಳ್ಸುತ್ತೆ. ಈ ಟೇಪ್ ಮಾಡಿದಾಗ ನಿಮ್ಮನೆ ಕಿಟಕಿ ತೆಗೆದಿತ್ತಾ?”

ಆಗಸ್ಟ್ ತಿಂಗಳು, ನಮ್ಮಲ್ಲಿ ಸುಡುಬೇಸಿಗೆ. ಫ್ಯಾನೂ ಆರಿಸಿದ್ದೆ, ಸದ್ದಾಗಬಾರದೆಂದು. ಕಿಟಕಿ ತೆಗೆಯದೆ ಬದುಕುವುದುಂಟೇ? ತುಟಿ ತಾನಾಗಿ ಆ ಮೇಲಿನ ರಾಗವನ್ನು ಗುನುಗಿತು, ಸ್ವಲ್ಪ ಬೇಗ, ಶಾಲೆಯಲ್ಲಿ ಸಾಲಾಗಿ ನಿಂತು ಹಾಡುವ ಲಯದಲ್ಲಿ. ಅಷ್ಟಕ್ಕೇ ಅದು ಬೇರೆಯೇ ಆಗಿಬಿಟ್ಟಿತು. ಅದು ನಮ್ಮ ಹಳೇ ಊರಿನ ಐದರ ಹಾಡು! ನಗರಕ್ಕೆ ಸೇರುವ ಮುಂಚೆ ದಿನಾ ಸಂಜೆ ಬರುತ್ತಿದ್ದದ್ದು. ಶಾಲೆಯ ಸಂಗೀತದ ಟೀಚರೊಬ್ಬರು ಕಟ್ಟಿದ್ದಂತೆ, ಅವರ ಹೆಸರೂ ನನಗೆ ನೆನಪಿಲ್ಲ. ದಿನಾ ಕೇಳುವುದನ್ನು ಯಾರು ತಾನೇ ಕಿವಿಗೊಟ್ಟು ಕೇಳುತ್ತಾರೆ?

“ಹಂಗಾದ್ರೆ ಕೊನೇ ಎರಡು ಸ್ವರ?” ಅಂದ ಮಮಿಯಾ. “ಐದರ ಹಾಡಲ್ಲಿ ಅದಿರ್ಲಿಲ್ವಲ್ಲ. ಅದಾದ್ರೂ ಮೇಷ್ಟ್ರದ್ದು ತಾನೇ?”

ಟೇಪಿನಲ್ಲಿ ಆಗಲೇ ಅದು ಬಂತು. ತಗ್ಗಿನದೊಂದು, ಎತ್ತರದ್ದೊಂದು. ಪೂ... ಪೇ... ಮಮಿಯಾನ ಬಾಯಿ ಹಾಗೇ ತೆರೆದುಕೊಂಡಿತು.

“ಅಕ್ಕಾ... ಇದು ತೋಫು ಗಾಡಿ ತುತ್ತೂರಿ.” ಅವನು ಕುರ್ಚಿಯಲ್ಲಿ ಕುಸಿದ. “ನಮ್ಮಪ್ಪ ಗಾಡಿ ತಳ್ಕೊಂಡು ಮಾರೋಕೆ ಬಂದಾಗ ಊದ್ತಿದ್ದಿದ್ದು. ಐದರ ಹಾಡು ಮುಗಿಯೋವರ್ಗೂ ಕಾದು, ಆಮೇಲೇ ಊದ್ತಿದ್ರು. ಹಾಡಿನ ಮಧ್ಯ ಊದಿದ್ರೆ ಮರ್ಯಾದೆ ಅಲ್ಲ ಅಂತಿದ್ರು.”

ಕೊನೆಯ ಸ್ವರಗಳಲ್ಲಿ ದೇವರಿದ್ದಾನೆ ಎಂದು ವರ್ಷಗಳಿಂದ ಎಲ್ಲರೊಡನೆ ವಾದ ಮಾಡಿದವನು ಇವನೇ. ಈಗ ಕರವಸ್ತ್ರ ಸಿಗದೆ ಇಸ್ತ್ರಿ ಮಾಡಿದ ತೋಳಿಗೇ ಮೂಗು ಒರೆಸಿಕೊಂಡ. ನನಗೆ ನಗು ಬಂತು, ಅಳುವೂ ಬಂತು. ನನ್ನ ಕಿರೀಟ ಹೋಯಿತೋ ಇನ್ನೂ ದೊಡ್ಡದಾಯಿತೋ ತಿಳಿಯಲಿಲ್ಲ. ಈ ರಾಗ ಯಾರದೆಂದು ಇನ್ನು ಹೇಳಲಿ? ಅರ್ಧ ಒಣಸೀಗಡಿಯದು, ಅರ್ಧ ಹೆಸರು ಮರೆತ ಟೀಚರದು, ಬಾಲ ತೋಫುವಿನವನದು. ಹೀಗೊಂದು ರಾಗ ಉಂಟೆಂದು ಯಾರಿಗೆ ಹೇಳಲಿ?

“ಅಲ್ಲೊಂದು ಕಡೆ ಎರಡೂ ಒಂದಕ್ಕೊಂದು ಉಜ್ಜುತ್ತೆ” ಅಂದರು ಮೇಷ್ಟ್ರು, ಸಂಕೋಚದಿಂದ. “ನಾನಾಗಿದ್ರೆ ತಿದ್ದಿಬಿಡ್ತಿದ್ದೆ. ತಿದ್ದಿದ್ರೆ ಹಾಳಾಗ್ತಿತ್ತು.”

ಮಿಹೋ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

“ಅಪ್ಪಾ, ಹಂಗಾದ್ರೆ ನಿಮ್ಗೆ ಎಲ್ಲಾ ನೆನಪಿದೆ.”

“ಕಷ್ಟಪಟ್ಟು ಮಾಡಿದ್ದಲ್ವಾ, ಮರೆಯುತ್ತಾ?”

“ಮತ್ತೆ ನಿಮ್ದಲ್ಲ ಅಂತ ಗೊತ್ತಿದ್ದೂ ಯಾಕೆ ಒಪ್ಕೊಂಡ್ರಿ?”

“ಇವರು ಅಳ್ತಿದ್ರು.”

ಮಿಹೋ ಈಗ ಕೇಳಿಯೇಬಿಟ್ಟಳು. “ದಿನಾ ನಾಲ್ಕನೇ ಕಪ್ ಇಡ್ತೀರಲ್ಲ, ಅದು ಯಾರಿಗೆ?”

ಮೇಷ್ಟ್ರು ಟೋಪಿಯ ಅಂಚನ್ನು ಸವರಿದರು.

“ನಿಮ್ಮಮ್ಮ ಇಲ್ಲ ಅಂತ ನಂಗೊತ್ತಿಲ್ವೇನೆ? ಪಟದ ಮುಂದೆ ಇಟ್ರೆ ಆ ಮೂಲೇಲಿ ಚಹಾ ಒಂದೇ ಆರ್ತಾ ಕೂತಿರುತ್ತೆ. ನಾವು ಕುಡಿಯೋವಾಗ ಅವಳೂ ಮೇಜಿಗೇ ಬರ್ಲಿ ಅಂತ ಇಡ್ತೀನಿ. ನೀನು ಮಾತಾಡ್ದೆ ತೆಗೀತಿದ್ದೆ. ನಿಂಗೆ ಅಮ್ಮನ್ನ ನೆನೆಸ್ಕೊಂಡ್ರೆ ಸಂಕಟ ಆಗುತ್ತೇನೋ ಅಂತ ನಾನೂ ಸುಮ್ನಿದ್ದೆ.”

ಹೊರಗೆ ನಗರದ ಹಾಡು ನಿಂತಿತ್ತು. ಬಸ್ಸು ಹೋಗಿರಬೇಕು, ಯಾರೂ ಆ ಮಾತೆತ್ತಲಿಲ್ಲ. ನಾನು ಎಲ್ಲರಿಗೂ ಕಾಫಿ ಬಗ್ಗಿಸಿದೆ. ಮಿಹೋ ಬಂದು, ಕೇಳದೆಯೇ ಕಪಾಟಿನಿಂದ ಇನ್ನೊಂದು ಕಪ್ ತೆಗೆದು ಅಪ್ಪನ ಪಕ್ಕದಲ್ಲಿಟ್ಟಳು. ನಾನು ಅದಕ್ಕೂ ಬಗ್ಗಿಸಿದೆ.

ಮೂಗು ಒರೆಸಿಕೊಳ್ಳುತ್ತಿದ್ದ ಮಮಿಯಾ ಮೇಜಿನ ಕಡೆ ನೋಡಿದ.

“ಒಂದು ಹೆಚ್ಚಾಯ್ತಲ್ಲ?”

“ಇಲ್ಲ” ಅಂದಳು ಮಿಹೋ. “ಸರಿಯಾಗಿದೆ.”