ಮೆಟ್ಟಿಲಿಳಿದ ಗೌನಿನ ಬಣ್ಣ

"ಆ ಗೌನಿನ ಬಣ್ಣ ಯಾವುದು ಹೇಳಿ. ಸರಿಯಾಗಿ ಹೇಳಿದ್ರೆ ಮದುವೆ ಆಗ್ತೀನಿ."

ಬೇಕರಿಯ ಹಿಂಬದಿಯ ಮರದ ಮೆಟ್ಟಿಲಿನ ಮೇಲೆ ನಿಂತು ದರ್ಜಿ ಅಕ್ಕ ಹಾಗೆಂದಾಗ, ಎರಡು ಮೆಟ್ಟಿಲು ಕೆಳಗಿದ್ದ ಕನ್ನಡಕದಂಗಡಿಯ ಯಜಮಾನರು ತಮ್ಮ ಕನ್ನಡಕವನ್ನೇ ತೆಗೆದು ಒರೆಸತೊಡಗಿದರು. ವಾರವಿಡೀ ಕನ್ನಡಿಯೆದುರು ಅಭ್ಯಾಸ ಮಾಡಿ, ಗಂಟಲು ಸರಿಪಡಿಸಿಕೊಂಡು, ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಅವರು 'ನನ್ನನ್ನು ಮದುವೆ ಆಗ್ತೀರಾ?' ಎಂದು ಕೇಳಿದ್ದರು. ಹೌದು ಅಥವಾ ಇಲ್ಲ ಎಂಬ ಉತ್ತರಕ್ಕೆ ಅವರು ಸಿದ್ಧರಾಗಿದ್ದರು. ಮರುಪ್ರಶ್ನೆಗಲ್ಲ.

"ಯಾವ ಗೌನು?"

"ಈಗ ತಾನೇ ಮೇಲೆ ನೋಡ್ಕೊಂಡು ಬಂದ್ವಲ್ಲ, ಅದೇ."

"ಆದ್ರೆ ದರ್ಜಿಯವರೇ, ಅದು ಕಪ್ಪು-ಬಿಳುಪು ಚಿತ್ರ!"

"ನನ್ನ ಕಣ್ಣು ಚೆನ್ನಾಗೇ ಇವೆ. ನೀವೇ ಪರೀಕ್ಷೆ ಮಾಡಿದ್ದು." ಅಕ್ಕ ಇನ್ನೊಂದು ಮೆಟ್ಟಿಲು ಇಳಿದರು. "ನಿಜವಾದ ಬಣ್ಣ ಯಾರಿಗೆ ಬೇಕು? ನನ್ನ ಮನಸ್ಸಲ್ಲಿ ಅದಕ್ಕೊಂದು ಬಣ್ಣ ಇದೆ. ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ಮುಂದಿನ ಭಾನುವಾರ ಅದೇ ಚಿತ್ರ ಮತ್ತೆ ಹಾಕ್ತಾರೆ. ಅವಳು ಕೊನೇ ಮೆಟ್ಟಿಲು ಇಳಿಯೋ ಹೊತ್ತಿಗೆ ಆ ಬಣ್ಣ ನನಗೆ ತೋರಿಸ್ಬೇಕು."

"ತೋರಿಸ್ದೇ ಹೋದ್ರೆ?"

"ನೀವು ಕನ್ನಡಕ ಮಾರ್ಕೊಂಡಿರಿ, ನಾನು ಗುಂಡಿ ಹೊಲ್ಕೊಂಡಿರ್ತೀನಿ. ಇಷ್ಟು ದಿನ ನಡೆದಿಲ್ವಾ?"

ಊರಿಗೆಲ್ಲ ಅಕ್ಕನಾದ ಆಕೆಯನ್ನು ಕನ್ನಡಕದವರೊಬ್ಬರು ಮಾತ್ರ ಎಂದೂ ಅಕ್ಕ ಎಂದು ಕರೆದವರಲ್ಲ. ಅದರಿಂದಲೇ ಅವರ ಮನಸ್ಸಿನಲ್ಲಿರುವುದು ಎಲ್ಲರಿಗೂ ಗೊತ್ತಾಗಿತ್ತು.

ಬೇಕರಿಯ ಮಹಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಹಳೆಯ ಹಾಲಿವುಡ್ ಚಿತ್ರಗಳ ಸಂಘ ಸೇರುತ್ತದೆ. ಹಿಟ್ಟಿನ ಮೂಟೆಗಳನ್ನು ಗೋಡೆಗೆ ಸರಿಸಿ, ಕಿಟಕಿಗಳಿಗೆ ದಪ್ಪ ಪರದೆ ಇಳಿಸಿ, ಬೇಕರಿ ಯಜಮಾನಿ ತಾವೇ ಪ್ರೊಜೆಕ್ಟರ್ ನಡೆಸುತ್ತಾರೆ. ಬಣ್ಣದ ಚಿತ್ರಕ್ಕೆ ಆ ಕೋಣೆಯೊಳಗೆ ಪ್ರವೇಶವಿಲ್ಲ. ಹ್ಯಾಟು ಧರಿಸಿದ ಗಂಡಸರು ಬಾಗಿಲು ತೆರೆದುಕೊಂಡು ಒಳಬರುವ ಠೀವಿ, ಹೆಂಗಸರ ಕೆನ್ನೆಯ ಮೇಲೆ ಬೆಳದಿಂಗಳಿನಂತೆ ಕುಳಿತ ಬೆಳಕು, ಒಂದು ಮಾತಿಗೆ ಇನ್ನೊಂದು ಮಾತು ಚೆಂಡಿನಂತೆ ಪುಟಿದು ಮರಳುವ ಚುರುಕು, ಇವುಗಳನ್ನು ಕಂಡು ಒಮ್ಮೆ ಮರುಳಾದವರು ಮತ್ತೆ ಮನುಷ್ಯರಾದದ್ದಿಲ್ಲ. ಸಂಭಾಷಣೆಯೆಲ್ಲ ಅವರಿಗೆ ಬಾಯಿಪಾಠ. ಅರ್ಥ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಅವರ ಸರ್ವಕಾಲದ ಮೆಚ್ಚಿನ ಚಿತ್ರಕ್ಕೆ ಸಂಘ ಇಟ್ಟ ಹೆಸರು 'ಮೆಟ್ಟಿಲ ಚಿತ್ರ'. ಅದನ್ನು ಸದಾ ಎರಡು ಭಾನುವಾರ ಒಂದರ ಹಿಂದೊಂದು ತೋರಿಸುತ್ತಾರೆ. ಮೊದಲ ವಾರ ಅಳುತ್ತ ನೋಡಿದ್ದರಿಂದ ಏನೂ ಸರಿಯಾಗಿ ಕಾಣಿಸಿರುವುದಿಲ್ಲ ಎಂಬುದು ಕಾರಣ. ಅದರ ಕೊನೆಯಲ್ಲಿ ನಾಯಕ ಮಳೆಯಲ್ಲಿ ನೆನೆದು, ಕೋಟಿನ ಕಾಲರ್ ಮೇಲೆತ್ತಿಕೊಂಡು, ಮಹಡಿ ಮೆಟ್ಟಿಲ ಬುಡದಲ್ಲಿ ಬಂದು ನಿಲ್ಲುತ್ತಾನೆ. ಮೇಲಿನಿಂದ ನಾಯಕಿ ಹೊಳೆಯುವ ಗೌನು ತೊಟ್ಟು ಒಂದೊಂದೇ ಮೆಟ್ಟಿಲು ಇಳಿಯುತ್ತಾಳೆ. ಅವಳು ತುದಿಯಲ್ಲಿ ಕಾಣಿಸಿಕೊಂಡ ಕೂಡಲೇ ಕೋಣೆಯ ಗಂಡಸರೆಲ್ಲ ತಂತಮ್ಮ ಕೋಟಿನ ಕಾಲರ್ ಎತ್ತಿಕೊಳ್ಳಬೇಕು. ಅದು ಸಂಘದ ಶಾಸನ. ಹಲ್ಲಿನ ವೈದ್ಯರು ಎತ್ತುತ್ತಾರೆ, ಅಂಚೆಯವರು ಎತ್ತುತ್ತಾರೆ, ಅಕ್ಕನ ತಮ್ಮನಾದ, ಬಸ್ಸಿನ ಸ್ಟೀರಿಂಗ್ ಬಿಟ್ಟು ನಿವೃತ್ತನಾದ ಡ್ರೈವರು ಎರಡೂ ಕೈಯಿಂದ ಎತ್ತುತ್ತಾನೆ. ಕನ್ನಡಕದವರೊಬ್ಬರು ಮಾತ್ರ ಕೈಕಟ್ಟಿ ಕೂರುತ್ತಾರೆ.

"ನೂರು ಜನರ ಮುಖದ ಹತ್ರ ಹೋಗಿ ಕೆಲಸ ಮಾಡೋನು ನಾನು. ಕಾಲರ್ ಎತ್ತೋ ಚಟ ಹತ್ತಿದ್ರೆ, ಗಿರಾಕಿ ಕಳ್ಳ ಬಂದ ಅಂತ ಓಡ್ತಾರೆ" ಎಂಬುದು ಅವರ ವಾದ.

ಇಂಥವರ ತಲೆಯ ಮೇಲೆ ಈಗ ಒಂದು ಬಣ್ಣ ಬಂದು ಕುಳಿತಿತ್ತು.

ಸೋಮವಾರ ಬೆಳಿಗ್ಗೆಯೇ ಅವರು ಪೇಟೆಯ ಬಟ್ಟೆಯಂಗಡಿಗಳನ್ನೆಲ್ಲ ಸುತ್ತಿ, ರೇಷ್ಮೆಯ ತುಂಡುಗಳನ್ನು ರಾಶಿ ತಂದರು. ಮಸೂರಗಳನ್ನು ಉಜ್ಜುವ ಮೇಜಿನ ಮೇಲೆ ಅವನ್ನು ಸಾಲಾಗಿ ಹರಡಿ, ಫೋನಿನಲ್ಲಿ ಅವುಗಳ ಕಪ್ಪು-ಬಿಳುಪು ಫೋಟೋ ತೆಗೆದರು. ಗೌನಿನ ಬೂದುಬಣ್ಣಕ್ಕೆ ಯಾವುದು ಹೊಂದುತ್ತದೋ ಅದೇ ಉತ್ತರವೆಂಬುದು ಅವರ ಶಾಸ್ತ್ರೀಯ ಲೆಕ್ಕಾಚಾರ. ಫೋಟೋ ನೋಡಿದರೆ ಕೆಂಪೂ ಬೂದು, ನೀಲಿಯೂ ಬೂದು, ನೇರಳೆಯೂ ಅದೇ ಬೂದು.

ಆ ಹೊತ್ತಿಗೆ ಡ್ರೈವರು ಒಳಬಂದ. "ಏನು ಡಾಕ್ಟ್ರೇ, ಕೌದಿ ಹೊಲೀತಿದೀರಾ?"

"ನಾನು ಡಾಕ್ಟರಲ್ಲ ಅಂತ ಎಷ್ಟು ಸಲ ಹೇಳಿದೀನಿ."

"ಭಾವ ಅನ್ನೋಣ ಅಂದ್ರೆ ಇನ್ನೂ ಆಗಿಲ್ವಲ್ಲ. ಅಲ್ಲೀವರೆಗೆ ಡಾಕ್ಟ್ರೇ ಇರ್ಲಿ." ಅವನು ಫೋನನ್ನು ಇಣುಕಿ ನೋಡಿ ನಕ್ಕ. "ಅಯ್ಯೋ, ನಮ್ಮಕ್ಕ ಕೇಳಿದ್ದು ಗೌನಿನ ಬಣ್ಣ ಅಲ್ಲ, ತನ್ನ ತಲೇಲಿರೋ ಬಣ್ಣ. ಅದಕ್ಕೆ ಫೋನಲ್ಲಿ ಫೋಟೋ ಹೊಡೆದ್ರೆ ಬರುತ್ತಾ?"

"ನಿಮಗೇನಾದ್ರೂ ಗೊತ್ತಾ?"

"ಕೆಂಪು! ಅವಳು ಸಿಟ್ಟಲ್ಲಿ ಇಳಿದು ಬರ್ತಾಳೆ. ಸಿಟ್ಟಿಗೆ ಬೇರೆ ಯಾವ ಬಣ್ಣ ಇದೆ?"

"ಸಿಟ್ಟಲ್ಲಾ? ಕ್ಷಮಿಸೋಕೆ ಅಲ್ವಾ ಅವಳು ಇಳಿಯೋದು?"

"ಕ್ಷಮಿಸೋಕಾ! ನೀವು ಬೇರೆ ಚಿತ್ರ ನೋಡಿದೀರಿ ಬಿಡಿ."

ಈ ಜಗಳಕ್ಕೆ ಕೊನೆಯಿಲ್ಲವೆಂದು ಅರಿತ ಕನ್ನಡಕದವರು ಮೂಲಕ್ಕೇ ಹೋಗಲು ನಿರ್ಧರಿಸಿದರು. ಮರುದಿನ ತಮ್ಮ ಕೋಟಿನ ಗುಂಡಿಯೊಂದನ್ನು ತಾವೇ ಎಳೆದು ಸಡಿಲಿಸಿ, ಅದನ್ನೇ ನೆಪ ಮಾಡಿಕೊಂಡು ಅಕ್ಕನ ಅಂಗಡಿಯ ಹೊಸ್ತಿಲು ಹತ್ತಿದರು. ಇದ್ದಿಲಿನಂಥ ಬಣ್ಣದ ಆ ಉಣ್ಣೆಯ ಕೋಟು ಎಷ್ಟೋ ವರ್ಷಗಳ ಹಿಂದೆ ಅಕ್ಕನೇ ಹೊಲಿದದ್ದು. ಅಳತೆ ಕೊಡುವ ದಿನ 'ಹೇಗಿರ್ಬೇಕು?' ಎಂದು ಅಕ್ಕ ಕೇಳಿದ್ದಕ್ಕೆ, ಅವರು ನಾಚಿಕೊಂಡು, 'ಮೆಟ್ಟಿಲ ಕೆಳಗೆ ನಿಂತಿರ್ತಾನಲ್ಲ, ಅವನದ್ದರ ಹಾಗೆ' ಎಂದಿದ್ದರು.

ಹೊಲಿಗೆ ಯಂತ್ರದ ಚಕ್ರ ನಿಂತಿತು. ಅಕ್ಕ ಗುಂಡಿಯನ್ನು ಬೆಳಕಿಗೆ ಹಿಡಿದು ನೋಡಿ, "ಎಳೆದು ಕಿತ್ತಿದ್ದು ಇದು. ಸವೆದದ್ದಲ್ಲ" ಎಂದರು.

ಕನ್ನಡಕದವರ ಕಿವಿ ಕೆಂಪಾಯಿತು. ಅವರು ಅತ್ತಿತ್ತ ಕಣ್ಣಾಡಿಸಿದರು. ದಾರದುಂಡೆಗಳ ಕಪಾಟಿನಲ್ಲಿ ಲೋಕದ ಬಣ್ಣಗಳೆಲ್ಲ ಇದ್ದವು. ಯಾವುದರ ಮೇಲೂ ಅಕ್ಕನ ಕಣ್ಣು ಒಂದು ಕ್ಷಣ ಹೆಚ್ಚು ನಿಲ್ಲಲಿಲ್ಲ. ಗುಂಡಿ ಹೊಲಿಯುವಷ್ಟು ಹೊತ್ತೂ ಆಕೆ ಕೋಟನ್ನು ಕಾಲರಿನ ಬಳಿ ಬಿಗಿಯಾಗಿ ಹಿಡಿದೇ ಇದ್ದರು.

"ಇದನ್ನ ಒಗೆಯೋಕೆ ಬೇರೆ ಯಾರಿಗೂ ಕೊಟ್ಟಿಲ್ಲ ತಾನೇ?"

"ನೀವೇ ಬೇಡ ಅಂದಿದ್ರಲ್ಲ. ಒಗೆತ, ಇಸ್ತ್ರಿ ಎಲ್ಲ ನಿಮ್ಮ ಕೈಯಲ್ಲೇ."

"ಮಳೇಲಿ ಹಾಕ್ಕೊಂಡು ಹೋಗ್ತೀರಾ?"

"ಛೆ, ಇಷ್ಟು ಒಳ್ಳೇ ಕೋಟನ್ನಾ? ಛತ್ರಿ ಇಲ್ದೆ ಹೊಸ್ತಿಲು ದಾಟಲ್ಲ ನಾನು."

ಅಕ್ಕ ನಿಟ್ಟುಸಿರು ಬಿಟ್ಟು ದಾರವನ್ನು ಹಲ್ಲಿನಿಂದ ಕಡಿದರು. "ನಿಮ್ಮಂಥ ಜಾಗರೂಕರನ್ನ ದೇವರು ಯಾಕಾದ್ರೂ ಸೃಷ್ಟಿಸ್ತಾನೋ!"

ಆ ಮಾತಿನ ಗುಟ್ಟು ಅವರಿಗೆ ಹತ್ತಲಿಲ್ಲ. ಗೋಡೆಯ ಮೇಲಿನ ಅಕ್ಷರಗಳ ಅತಿ ಸಣ್ಣ ಸಾಲನ್ನೂ ಓದಬಲ್ಲವರು, ಗುಂಡಿ ಗಟ್ಟಿಯಾದ ಕೋಟನ್ನು ತೊಟ್ಟು ಬರಿಗೈಯಲ್ಲಿ ಹೊರಬಂದರು.

ಶನಿವಾರದ ಹೊತ್ತಿಗೆ ಸಂಘದ ತುಂಬ ಇದೇ ಸುದ್ದಿ. ಹಲ್ಲಿನ ವೈದ್ಯರು ಗಿರಾಕಿಯ ಬಾಯಲ್ಲಿ ಹತ್ತಿ ತುರುಕಿ, ಮುತ್ತಿನ ಬಣ್ಣವೇ ಇರಬೇಕೆಂದು ವಾದಿಸಿದರು. ಆ ಗಿರಾಕಿ ಅಲ್ಲವೆಂದು ತಲೆಯಾಡಿಸಿದ. ಬೇಕರಿ ಯಜಮಾನಿ ಜೇನಿನ ಬಣ್ಣದ ಪಕ್ಷ. ಕನ್ನಡಕದವರು ಎಲ್ಲವನ್ನೂ ಕೇಳಿ, ಎಲ್ಲವನ್ನೂ ನಂಬಿ, ಕೊನೆಗೆ ಕಣ್ಣುಮುಚ್ಚಿಕೊಂಡು ಕೆಂಪು ರೇಷ್ಮೆಯೊಂದನ್ನು ಕಟ್ಟಿಸಿಕೊಂಡರು. ಎಷ್ಟಾದರೂ ಒಡಹುಟ್ಟಿದವನ ಮಾತಲ್ಲವೇ?

ಭಾನುವಾರ ಆಕಾಶ ಕವಿದಿತ್ತು. ಕೋಣೆ ಹಿಂದೆಂದೂ ಕಾಣದಷ್ಟು ತುಂಬಿತ್ತು. ಚಿತ್ರ ನೋಡಲು ಬಂದವರೆಷ್ಟೋ, ಕನ್ನಡಕದವರನ್ನು ನೋಡಲು ಬಂದವರೆಷ್ಟೋ, ಹೇಳುವುದು ಕಷ್ಟ. ಅಕ್ಕ ಮುಂದಿನ ಸಾಲಿನಲ್ಲಿ ನೆಟ್ಟಗೆ ಕುಳಿತಿದ್ದರು. ಹಿಂದಿನ ಸಾಲಿನ ತುದಿಯಲ್ಲಿ, ತೊಡೆಯ ಮೇಲೆ ಪೊಟ್ಟಣವಿಟ್ಟುಕೊಂಡು ಕನ್ನಡಕದವರು. ಪ್ರೊಜೆಕ್ಟರ್ ಗುನುಗಿತು. ತೆರೆಯ ಮೇಲೆ ಆ ಹಳೆಯ ನಗರದ ದೀಪಗಳು ಹೊತ್ತಿಕೊಂಡವು. ಎಂದಿನಂತೆ ಎಲ್ಲರ ತುಟಿಗಳೂ ಪಾತ್ರಗಳೊಡನೆ ಆಡತೊಡಗಿದವು.

ನಾಯಕ ಮಳೆಯೊಳಗೆ ನಡೆಯುವ ದೃಶ್ಯ ಬಂದಾಗ ಕನ್ನಡಕದವರು ಪೊಟ್ಟಣದ ತುದಿ ಬಿಡಿಸಿ ಇಣುಕಿದರು. ಪರದೆಯ ಬೆಳಕಿನಲ್ಲಿ ಆ ಕೆಂಪು ಕೂಡ ಬೂದಾಗಿಯೇ ಕಂಡಿತು. ಇದು ಅಕ್ಕನ ಬಣ್ಣವಲ್ಲ, ತಮ್ಮನ ಬಣ್ಣ. ಬೇರೆಯವರ ಮನಸ್ಸನ್ನು ಕಟ್ಟಿಸಿಕೊಂಡು ತಂದು ಆಕೆಯ ಕೈಗಿಡುವುದೆಂದರೇನು? ಅದಕ್ಕಿಂತ ಸೋಲೇ ಮರ್ಯಾದೆಯದು.

ಪೊಟ್ಟಣವನ್ನು ಕುರ್ಚಿಯ ಮೇಲೆಯೇ ಬಿಟ್ಟು, ಸದ್ದಾಗದಂತೆ ಎದ್ದು ಮೆಟ್ಟಿಲಿಳಿದು ಬೀದಿಗೆ ಬಂದರು. ಹೊರಗೆ ಧೋ ಎಂದು ಮಳೆ. ಛತ್ರಿ ಮೇಲೆಯೇ ಉಳಿದಿತ್ತು. ತರಲು ಹಿಂದಿರುಗಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಮನೆಗೆ ಓಡಿದರೆ ಕೋಟು ನೆನೆಯುತ್ತದೆ. ಹೆಜ್ಜೆ ಹಾಕಿಯೇ ಬಿಟ್ಟರು. ಬೇಕರಿಯ ಸೂರಿನಿಂದ ಸುರಿದ ಧಾರೆಯೊಂದು ನೇರವಾಗಿ ಕುತ್ತಿಗೆಯೊಳಗೆ ಇಳಿಯಿತು. ಆಗ, ಜೀವಮಾನದಲ್ಲಿ ಮೊದಲ ಬಾರಿಗೆ, ಯೋಚಿಸದೆ, ಕನ್ನಡಕದವರು ಕಾಲರನ್ನು ಮೇಲೆತ್ತಿಕೊಂಡರು.

"ಭಾವಾ!"

ಕನ್ನಡಕದವರು ಗಕ್ಕನೆ ನಿಂತರು. ಅವರನ್ನು ಆ ಪದದಿಂದ ಕರೆಯುವವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಅವರನ್ನು ಹಿಂಬಾಲಿಸಿ ಬಂದ ಡ್ರೈವರು ಬೇಕರಿಯ ಬಾಗಿಲಲ್ಲಿ, ಕಲ್ಲಿನಂತೆ, ಬಾಯಿ ತೆರೆದುಕೊಂಡು ನಿಂತಿದ್ದ.

"ಭಾವ, ಅಲ್ಲಾಡಬೇಡಿ. ಕಾಲರ್ ಇಳಿಸಬೇಡಿ. ಹಾಗೇ ಮೇಲೆ ಬನ್ನಿ."

"ಏನಾಯ್ತು?"

"ಮಾತಾಡಬೇಡಿ, ಹತ್ತಿ! ತೆರೆ ಮೇಲೆ ಅವಳು ಆಗಲೇ ಮೇಲಿನ ಮೆಟ್ಟಿಲಲ್ಲಿದಾಳೆ!"

ಬಸ್ಸು ಹೊರಡುವಾಗ ಪ್ರಯಾಣಿಕರನ್ನು ಒಳದಬ್ಬುವಂತೆ ಡ್ರೈವರು ಅವರನ್ನು ಹಿಂದಿನಿಂದ ದಬ್ಬಿದ. ಕೋಣೆಯೊಳಗೆ ಗಂಡಸರೆಲ್ಲರ ಕಾಲರು ಎದ್ದಿದ್ದವು. ಪರದೆಯ ಮೇಲೆ ನಾಯಕಿ ಅರ್ಧದಾರಿ ಇಳಿದಿದ್ದಳು. ಡ್ರೈವರು ಅವರನ್ನು ಕುರ್ಚಿಗಳ ನಡುವೆ ನುಗ್ಗಿಸಿ, ಪರದೆಯ ಮುಂದೆಯೇ ತಂದು ನಿಲ್ಲಿಸಿದ. ನಾಯಕಿಯ ಗೌನು ಕನ್ನಡಕದವರ ಒದ್ದೆ ಮುಖದ ಮೇಲೆ ಹೊಳೆಯತೊಡಗಿತು.

"ಏಯ್, ತಲೆ ತಗ್ಗಿಸ್ರಿ!" ಹಿಂದಿನಿಂದ ಯಾರೋ ಕೂಗಿದರು.

"ದೀಪ ಹಾಕಿ!" ಡ್ರೈವರು ಅದಕ್ಕಿಂತ ಗಟ್ಟಿಯಾಗಿ ಕೂಗಿದ.

"ಈ ದೃಶ್ಯದಲ್ಲಾ? ತಲೆ ಕೆಟ್ಟಿದ್ಯಾ ನಿನಗೆ?" ಬೇಕರಿ ಯಜಮಾನಿ ಪ್ರೊಜೆಕ್ಟರಿನ ಹಿಂದಿನಿಂದ ಗುಡುಗಿದರು. ಸಂಘದ ಇತಿಹಾಸದಲ್ಲಿ ಆ ದೃಶ್ಯದ ನಡುವೆ ಕೆಮ್ಮಿದವರೂ ಇರಲಿಲ್ಲ.

"ಹಾಕಿ" ಎಂದಿತು ಮುಂದಿನ ಸಾಲಿನಿಂದ ಒಂದು ಮೆಲುದನಿ. ಅದು ಅಕ್ಕನದು.

ದೀಪ ಹತ್ತಿತು. ಆಮೇಲೆ ಒಬ್ಬರು ನಕ್ಕರು, ಇಬ್ಬರು ನಕ್ಕರು, ನೋಡನೋಡುತ್ತ ಇಡೀ ಕೋಣೆ ನಕ್ಕು ಚಪ್ಪಾಳೆ ತಟ್ಟತೊಡಗಿತು. ಅಷ್ಟೂ ಜನರ ಕಣ್ಣು ತಮ್ಮ ಕುತ್ತಿಗೆಯ ಮೇಲಿರುವುದನ್ನು ಕನ್ನಡಕದವರು ಕಂಡರು. ಕುತ್ತಿಗೆಯ ಮೇಲಿರುವುದೇನೆಂದು ಕಾಣಲಾರದವರು ಅವರೊಬ್ಬರೇ.

ಅಕ್ಕ ಎದ್ದು ಬಂದು ಅವರೆದುರು ನಿಂತರು. "ಆಗ್ತೀನಿ" ಎಂದರು.

"ಏನಾಗ್ತೀರಿ?"

"ಇನ್ನೇನಾಗೋಕಾಗುತ್ತೆ ಈ ವಯಸ್ಸಲ್ಲಿ? ಮದುವೆ!"

"ಆದ್ರೆ ನಾನು ಉತ್ತರ ಹೇಳ್ಲೇ ಇಲ್ಲ."

"ತೋರಿಸಿದ್ರಲ್ಲ. ಕೋಟು ಬಿಚ್ಚಿ ನೋಡಿ."

ಅವರು ಕೋಟು ಬಿಚ್ಚಿದರು. ಕಾಲರಿನ ಅಡಿಯಲ್ಲಿ, ಮಡಿಸಿದಾಗ ಎಳೆಯಷ್ಟೂ ಹೊರಗಿಣುಕದಂತೆ, ಒಂದಿಂಚೂ ಸುಕ್ಕಿಲ್ಲದಂತೆ ಹೊಲಿದ ಪಟ್ಟಿಯೊಂದಿತ್ತು. ಉಳಿದ ಗಂಡಸರ ಕಾಲರಿನ ಅಡಿಯಲ್ಲಿದ್ದುದು ಕಪ್ಪು ಬಟ್ಟೆ. ಇವರದ್ದು ಗಿಳಿಹಸಿರು!

"ಗಿಳಿಹಸಿರಾ?" ಹಲ್ಲಿನ ವೈದ್ಯರು ಕುರ್ಚಿ ಹತ್ತಿ ಕೂಗಿದರು. "ಆ ಗೌನಿಗೆ ಗಿಳಿಹಸಿರಾ? ಅಕ್ಕ, ಇದು ಅನ್ಯಾಯ!"

"ನನ್ನ ಮನಸ್ಸು, ನನ್ನ ಬಣ್ಣ. ನೀವು ಹಲ್ಲು ನೋಡಿ." ಅಕ್ಕ ಕೋಟಿನ ಮೇಲೆ ಕೈಯಾಡಿಸಿದರು. "ಚಿಕ್ಕೋಳಿದ್ದಾಗ ಈ ಚಿತ್ರ ಮೊದಲ ಸಲ ನೋಡಿ ಹೊರಗೆ ಬಂದೆ. ತಲೆ ತುಂಬ ಕಪ್ಪು-ಬಿಳುಪು. ಮಳೆ ಆಗಷ್ಟೇ ನಿಂತಿತ್ತು. ಬಾಗಿಲ ಎದುರಿಗಿದ್ದ ಮರದ ಚಿಗುರೆಲ್ಲ ತೊಳೆದಿಟ್ಟ ಹಾಗೆ. ಮೊದಲು ಕಣ್ಣಿಗೆ ಬಿದ್ದ ಬಣ್ಣ ಅದು. ಅವತ್ತಿನಿಂದ ಅವಳು ಮೆಟ್ಟಿಲು ಇಳಿಯೋದು ಈ ಬಣ್ಣದಲ್ಲೇ."

"ನನ್ನ ಕೋಟಲ್ಲಿ ಯಾಕೆ?"

"ಅವನದ್ದರ ಹಾಗೆ ಇರ್ಲಿ ಅಂದ್ರಲ್ಲ! ಅವನು ಕಾಲರ್ ಎತ್ತಿ ಕಾಯ್ತಾನೆ. ನೀವೂ ಎತ್ತುತ್ತೀರಿ, ನನ್ನ ಮನಸ್ಸು ನಿಮ್ಮ ಕುತ್ತಿಗೇಲಿ ಕಾಣುತ್ತೆ, ಆಗ ಕೇಳ್ತೀರಿ, ಆಗ ಹೇಳ್ತೀನಿ ಅಂದ್ಕೊಂಡೆ. ಕೂದಲು ನರೆದ್ರೂ ನೀವು ಕಾಲರ್ ಎತ್ತಲಿಲ್ಲ. ಸಂಘದ ಶಾಸನ ಮುರಿದ ಒಬ್ಬನೇ ಮಹಾನುಭಾವ ನೀವು."

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ" ಎಂದ ಡ್ರೈವರು. "ನಮ್ಮ ಭಾವ ಕುತ್ತಿಗೇಲಿ ಹೆಂಡ್ತೀನ ಕಟ್ಕೊಂಡು ಬಟ್ಟೆಯಂಗಡಿ ಸುತ್ತಿದ್ರು."

ಬೇಕರಿ ಯಜಮಾನಿಗೆ ಕಣ್ಣೀರು ಬಂದಿತ್ತು. ಆದರೆ ಅವರಿಗೆ ಕರ್ತವ್ಯ ದೊಡ್ಡದು. "ಆಯ್ತು, ಎಲ್ಲ ಕೂತ್ಕೊಳ್ಳಿ. ದೃಶ್ಯ ಹಾಳಾಯ್ತು, ಮೊದಲಿಂದ ಹಾಕ್ತೀನಿ."

ಸುರುಳಿ ಹಿಂದಕ್ಕೆ ತಿರುಗಿತು. ದೀಪ ಆರಿತು. ಮುಂದಿನ ಸಾಲಿನಲ್ಲಿ ಅಕ್ಕನ ಪಕ್ಕದ ಕುರ್ಚಿಯಲ್ಲಿ, ಒದ್ದೆ ಕೋಟನ್ನು ಮತ್ತೆ ತೊಟ್ಟು, ಕನ್ನಡಕದವರು ಕುಳಿತರು. ನಾಯಕಿ ಮೆಟ್ಟಿಲ ತುದಿಯಲ್ಲಿ ಕಾಣಿಸಿಕೊಂಡ ಕೂಡಲೇ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದ ಕಾಲರು ಅವರದ್ದೇ. ಒಂದೊಂದೇ ಮೆಟ್ಟಿಲು ಅವಳು ಇಳಿದಳು. ಅವರ ಕಣ್ಣಿಗೆ ಆ ಗೌನು ಮಳೆಯಲ್ಲಿ ತೊಳೆದ ಚಿಗುರಿನಂತೆ ಹಸುರಾಗಿತ್ತು. ಬೇರೆ ಹೇಗಿರಲು ಸಾಧ್ಯವೆಂದು ಅವರಿಗೆ ತಿಳಿಯಲೇ ಇಲ್ಲ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ, ಕತ್ತಲಲ್ಲಿ, ಡ್ರೈವರಿನ ಪಿಸುದನಿ ಬಂತು.

"ಏನೇ ಹೇಳು ಅಕ್ಕಾ, ಅದು ಕೆಂಪೇ."

"ಬಾಯಿ ಮುಚ್ಚೋ!" ಎಂದರು ಅಕ್ಕನೂ ಭಾವನೂ, ಒಟ್ಟಿಗೆ.